ಕಲ್ಲು ಓದುವವಳಿಗೆ ಉಡಿಸಿದ ಸೀರೆ

ಆಗ ನನಗೆ ನಲವತ್ತೇಳು. ಮೂವತ್ತೆಂಟು ವರ್ಷದ ಹಿಂದಿನ ಮಾತು. ಇಳಕಲ್ಲಿನಲ್ಲಿ ನಮ್ಮ ಮನೆಯವರು ಸೀರೆ ನೇಯುತ್ತಿದ್ದರು, ನಾನು ಕೊಂಡಿ ಹಾಕುತ್ತಿದ್ದೆ. ಕೊಂಡಿ ಎಂದರೆ ಸೀರೆಯ ಮೈಯ ನೂಲಿಗೆ ಸೆರಗಿನ ರೇಷ್ಮೆಯನ್ನು ಒಂದೊಂದೇ ಎಳೆ ಹಿಡಿದು ಸಿಕ್ಕಿಸುವುದು. ಸಾವಿರಾರು ಎಳೆ. ಕಣ್ಣು ಮೊದಲು ಹೋಗುತ್ತದೆ, ಬೆನ್ನು ಆಮೇಲೆ. ಮಗ್ಗ ನಮ್ಮದು, ಮಗ್ಗದ ಮೇಲಿನ ಸೀರೆ ಸಾಹುಕಾರರದು. ನೂಲು ಅವರು ಕೊಡುವರು, ಸೀರೆ ಅವರು ಒಯ್ಯುವರು, ಕೂಲಿ ನಮಗೆ. ನೇಯುವವರ ಮನೆಯ ಹೆಂಗಸು ಉಡುವುದು ಯಾವಾಗಲೂ ಹಳೆಯದೇ.

ಮನೆಯಲ್ಲಿ ಒಬ್ಬಳು ಹುಡುಗಿ. ನಾನು ಹಡೆದವಳಲ್ಲ. ಬಾಗಲಕೋಟೆಯ ಒಂದು ಅನಾಥ ಮಕ್ಕಳ ಆಶ್ರಮದವರು ಕೆಲವು ಮಕ್ಕಳನ್ನು ಮನೆಗಳಿಗೆ ಸಾಕಲು ಕೊಡುತ್ತಿದ್ದರು. ದತ್ತು ಅಲ್ಲ. ಹದಿನೆಂಟು ತುಂಬುವ ತನಕ ಎರವಲು ಕೊಟ್ಟ ಹಾಗೆ. ನಮ್ಮ ಹುಡುಗಿ ಬಂದಾಗ ಆರು ವರ್ಷ. ಮೊದಲ ಮೂರು ತಿಂಗಳು ನನ್ನನ್ನು ಅಕ್ಕಾರು ಎಂದು ಕರೆದಳು. ಆಶ್ರಮದಲ್ಲಿ ಹೆಂಗಸರೆಲ್ಲ ಅಕ್ಕಾರುಗಳೇ. ತಾಟಿನ ಮುಂದೆ ಕುಳಿತರೂ ಉಣ್ಣುತ್ತಿರಲಿಲ್ಲ, ಗಂಟೆ ಹೊಡೆಯಲಿ ಎಂದು ಕಾಯುತ್ತಿದ್ದಳು. ಒಂದು ದಿನ ನಮ್ಮ ಮನೆಯವರು ಚಮಚೆ ತೆಗೆದುಕೊಂಡು ತಂಬಿಗೆಗೆ ಬಾರಿಸಿದರು. ಉಂಡಳು. ಆಮೇಲೆ ಒಂದು ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ತಂಬಿಗೆ ಬಾರಿಸುವುದೇ ರೂಢಿಯಾಯಿತು. ಓಣಿಯವರು ಪೂಜೆ ನಡೆದಿದೆ ಎಂದುಕೊಳ್ಳುತ್ತಿದ್ದರು.

ಆರು ತಿಂಗಳಿಗೊಮ್ಮೆ ಆಶ್ರಮದಿಂದ ಒಬ್ಬ ಬಾಯಾರು ತನಿಖೆಗೆ ಬರುತ್ತಿದ್ದರು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡುವರು. ಹುಡುಗಿಯ ತಲೆಯಲ್ಲಿ ಹೇನು ಹುಡುಕುವರು. ಹಿಟ್ಟೂ ಸಿಗುತ್ತಿತ್ತು, ಹೇನೂ ಸಿಗುತ್ತಿತ್ತು.

ಓದಿನಲ್ಲಿ ಹುಡುಗಿ ಚುರುಕು. ಉಳಿದ ಕೆಲಸಕ್ಕೆ ಬಾರದವಳು. ಕೊಂಡಿ ಹಾಕಲು ಕೂಡಿಸಿದರೆ ಒಂದು ಎಳೆ ಬಿಟ್ಟು ಇನ್ನೊಂದನ್ನು ಹಿಡಿಯುವಳು. ಕಲ್ಲು ಆರಿಸುವುದರಲ್ಲಿ ಮಾತ್ರ ತಪ್ಪುತ್ತಿರಲಿಲ್ಲ. ಗುಡ್ಡಕ್ಕೆ ಹೋದರೆ ಕಲ್ಲು, ಹಳ್ಳಕ್ಕೆ ಹೋದರೆ ಕಲ್ಲು. ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ತಂದು ಸುರಿಯುವಳು, ನಮ್ಮ ಮನೆಯವರ ಕಾಲಿಗೆ ಚುಚ್ಚುವುದು. ಕೊನೆಗೆ ಅದನ್ನೇ ಓದಿದಳು. ಬಾಗಲಕೋಟೆಯ ವಿದ್ಯಾಗಿರಿಯ ಹಾಸ್ಟೆಲಿನಲ್ಲಿ ಮೂರು ವರ್ಷ, ಧಾರವಾಡದಲ್ಲಿ ಎರಡು ವರ್ಷ, ಎಲ್ಲ ಕಲ್ಲಿನ ಓದೇ. ಅಷ್ಟಾದ ಮೇಲೆ ವಿಲಾಯತಿಯಿಂದ ಒಂದು ಪತ್ರ ಬಂತು. ಅಲ್ಲಿಯ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಕಲ್ಲು ಓದಲು ಕರೆದಿದ್ದರು.

ನಮ್ಮ ಮನೆಯವರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಇಂಗ್ಲಿಷು ಅವರಿಗೂ ಬಾರದು.

"ಇಳಕಲ್ಲಾಗ ಕಲ್ಲಿಗೇನ್ ಬರಾ ಬಿದ್ದೈತೇನವಾ, ಇಮಾನ ಹತ್ತಿ ಕಲ್ಲು ನೋಡಾಕ ಹೋಗ್ತಿ?" ಎಂದರು.

"ಅಲ್ಲೀವು ಬ್ಯಾರೆ ಕಲ್ಲಪಾ."

"ತಲಿಗೆ ಬಡದ್ರ ಎಲ್ಲಾ ಒಂದ."

ಫೀಯನ್ನು ಅಲ್ಲಿಯವರೇ ಮಾಫಿ ಮಾಡಿದ್ದರು. ವಿಮಾನದ ಖರ್ಚು, ಮೊದಲ ವರ್ಷದ ಊಟ ವಸತಿ ನಮ್ಮದು. ಅದಕ್ಕೆ ಹಣ ಇದೆ ಎಂದು ಮೂರು ತಿಂಗಳೊಳಗೆ ಕಾಗದ ಕಳಿಸದಿದ್ದರೆ ಜಾಗ ಬೇರೆಯವರಿಗೆ. ನಮ್ಮ ಮನೆ, ಮಗ್ಗ, ನಮ್ಮಿಬ್ಬರನ್ನೂ ಕೂಡಿಸಿ ಮಾರಿದರೂ ವಿಮಾನದ ಮೆಟ್ಟಿಲಿನ ತನಕ ಹೋಗುತ್ತಿರಲಿಲ್ಲ.

ಹಣಕ್ಕಾಗಿ ತಿರುಗಿದೆವು. ಹುನಗುಂದಕ್ಕೆ ಹೋಗಿ ಆದಾಯದ ದಾಖಲೆ ಮಾಡಿಸಿದೆವು. ನಮ್ಮ ಕಡೆ ಒಂದೊಂದು ಸಮಾಜದವರಿಗೆ ಒಂದೊಂದು ವಿದ್ಯಾನಿಧಿ ಇರುತ್ತದೆ. ಹೋದಲ್ಲೆಲ್ಲ ಮೊದಲು ಕೇಳುವುದು, ಯಾವ ಪೈಕಿ ನೀವು. ನಾವು ಯಾವ ಪೈಕಿ ಎಂಬುದು ನಮಗೆ ಗೊತ್ತು. ಹುಡುಗಿ ಯಾವ ಪೈಕಿ? ಆಶ್ರಮದ ಬಾಗಿಲಲ್ಲಿ ಬಿಟ್ಟು ಹೋದವರು ಜಾತಿಯ ಚೀಟಿ ಇಟ್ಟು ಹೋಗಿರಲಿಲ್ಲ. ನಾಲ್ಕು ಕಡೆ ಅರ್ಜಿ ಹಿಂದಕ್ಕೆ ಬಂತು. ಐದನೆಯ ಕಡೆ ಅರ್ಜಿಯನ್ನು ತೆಗೆದುಕೊಳ್ಳಲೇ ಇಲ್ಲ, ಚಹಾ ಕೊಟ್ಟರು.

ಆಗ ಬಾದಾಮಿಯಲ್ಲಿದ್ದ ಒಬ್ಬ ನಿವೃತ್ತ ಮಾಸ್ತರರು ದಾರಿ ತೋರಿಸಿದರು. ಹುಡುಗಿಗೆ ಬಾದಾಮಿಯ ಗುಡ್ಡವೆಲ್ಲ ತಿರುಗಿಸಿ ಕಲ್ಲಿನ ಹುಚ್ಚು ಹೆಚ್ಚಿಸಿದವರೂ ಇವರೇ. ಬಾಗಲಕೋಟೆಯ ವ್ಯಾಪಾರಸ್ಥರು ಸೇರಿ ಒಂದು ಟ್ರಸ್ಟ್ ಮಾಡಿದ್ದಾರೆ, ತಂದೆ ತಾಯಿ ಇಲ್ಲದವರ ಮುಂದಿನ ಓದಿಗೆ ಕೊಡುತ್ತಾರೆ, ಜಾತಿ ಕೇಳುವುದಿಲ್ಲ ಎಂದರು. ಅರ್ಜಿ ಹಾಕಿದಳು. ಕರೆ ಬಂತು. ಪತ್ರದ ಗಡುವಿಗೆ ಒಂದು ವಾರ ಉಳಿದಿತ್ತು. ಇದು ತಪ್ಪಿದರೆ ಮುಗಿಯಿತು.

ಹೋಗುವ ಹಿಂದಿನ ದಿನ ಮಧ್ಯಾಹ್ನ ಮಗ್ಗದಿಂದ ಒಂದು ಸೀರೆ ಇಳಿಸಿದ್ದೆವು. ಜಂಬುನೇರಳೆ ಬಣ್ಣದ ಮೈ, ಅಗಲ ದಡಿ, ಕೆಂಪು ರೇಷ್ಮೆ ಸೆರಗು. ಮರುದಿನ ಸಾಹುಕಾರರಿಗೆ ಮುಟ್ಟಿಸಬೇಕು. ಹುಡುಗಿಯ ಹತ್ತಿರ ಇದ್ದದ್ದು ಎರಡು ಸೀರೆ, ಒಂದರ ಬಣ್ಣ ಹೋಗಿತ್ತು, ಇನ್ನೊಂದರ ದಡಿ ಹೋಗಿತ್ತು. ಹೊಸದನ್ನು ಅವಳ ಮುಂದೆ ಇಟ್ಟೆ.

"ಇದು ಸಾಹುಕಾರ್ದಲ್ಲೇನವಾ?" ಎಂದಳು.

"ಇವತ್ತ ನಮ್ಮ ಮನ್ಯಾಗೈತಿ. ನಾಳಿ ಸಂಜಿಕೆ ಮಡಚಿ ಕೊಟ್ರಾತು. ಸೀರಿಗೇನ್ ಬಾಯೈತೇನು?"

ನಮ್ಮ ಮನೆಯವರು ಕುಣಿಯೊಳಗಿಂದಲೇ ಕೇಳಿದರು. "ಏ, ಅಲ್ಲಿ ಆಕಿ ಬಡವಿ ಅಂತ ತೋರಸ್ಬೇಕು. ನೀ ಮದಿಮಗಳ್ನ ಮಾಡಿ ಒಯ್ಯಾಕತ್ತಿ."

"ಬಡವಿ ಅಂತ ಅರ್ಜ್ಯಾಗ ಬರದೈತಿ. ಮೈಮ್ಯಾಲೂ ಬರೀಬೇಕೇನು?"

ನನಗೆ ಒಂದೇ ಹಟ. ಆರು ವರ್ಷದವಳಾಗಿ ಬಂದಾಗ ಆಶ್ರಮದ ಅಂಗಿ ನೋಡಿಯೇ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಯಾರಾದರೂ ಅವಳಿಗೆ ಹಣ ಕೊಡುವುದಿದ್ದರೆ ತಲೆ ನೋಡಿ ಕೊಡಲಿ, ಅಯ್ಯೋ ಪಾಪ ಎಂದು ಬೇಡ. ಹೀಗೆಂದು ಆಗ ವಿಚಾರ ಮಾಡಿದ್ದೆನೋ, ತಪ್ಪು ಮಾಡಿದ ಮೇಲೆ ಹುಡುಕಿಕೊಂಡ ಕಾರಣವೋ, ಈಗ ಹೇಳಲಾರೆ.

ಮೊದಲ ಬಸ್ಸಿಗೆ ಹೊರಟೆವು. ಬಾಗಲಕೋಟೆಯಲ್ಲಿ ಒಂದು ಹಳೆಯ ಮಾಳಿಗೆಯ ಮೇಲೆ ಟ್ರಸ್ಟಿನ ಕಚೇರಿ. ಗಾದಿಯ ಮೇಲೆ ಒಬ್ಬ ಹಿರಿಯರು, ಅವರೇ ಯಜಮಾನರು. ಪಕ್ಕದ ಕುರ್ಚಿಯಲ್ಲಿ ಒಬ್ಬ ವಕೀಲರು. ಹುಡುಗಿಯನ್ನು ಮಾತ್ರ ಒಳಗೆ ಕರೆದರು, ನಾನೂ ಹೋದೆ.

ವಕೀಲರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಅರ್ಜಿಯೊಳಗ ಅನಾಥೆ ಅಂತ ಬರದಾರ. ನೀವು ಯಾರು?"

"ಅವ್ವ."

"ಅವ್ವ ಇದ್ರ ಅನಾಥೆ ಹ್ಯಾಂಗ ಆಗ್ತಾಳ?"

"ಸಾಕಿದಾಕಿರಿ. ಆಶ್ರಮದವ್ರು ಕೊಟ್ಟಿದ್ರು."

ಅವರು ಕಾಗದ ತಿರುವಿದರು. "ಆಶ್ರಮದ ಕರಾರು ಹದಿನೆಂಟಕ್ಕ ಮುಗದದ. ಈಗ ಆಕಿಗೆ ಇಪ್ಪತ್ತಮೂರು. ಐದು ವರ್ಷ ನೀವು ಯಾವ ಲೆಕ್ಕದಾಗ ಇಟ್ಕೊಂಡೀರಿ?"

"ಮುಗದದ್ದು ಯಾರೂ ಬಂದು ಹೇಳಲಿಲ್ರಿ. ಸೂಟಿ ಬಿಟ್ರ ಬರ್ತಿದ್ಲು. ರೊಟ್ಟಿ ಹಾಕ್ತಿದ್ದೆ."

ವಕೀಲರು ಏನನ್ನೋ ಬರೆದುಕೊಂಡರು. ರೊಟ್ಟಿ ಎಂದು ಬರೆದರೋ ಏನೋ.

ಯಜಮಾನರು ಅಷ್ಟು ಹೊತ್ತೂ ಅರ್ಜಿ ನೋಡಿರಲಿಲ್ಲ, ಸೀರೆ ನೋಡುತ್ತಿದ್ದರು. "ತಂಗಿ, ಸ್ವಲ್ಪ ಸೆರಗು ಈ ಕಡೆ ಹಿಡಿ," ಎಂದರು. ಸೆರಗಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿದರು. ಹೊರಳಿಸಿ ಒಳಗಿನ ಕೊಂಡಿ ನೋಡಿದರು. ಹಾಗೆ ಹೊರಳಿಸಿ ನೋಡುವುದು ಸೀರೆಯ ವ್ಯಾಪಾರದವರು ಮಾತ್ರ.

"ನಲವತ್ತು ವರ್ಷ ಸೀರಿ ಮಾರೇನಿ," ಎಂದರು. "ಇದು ಇನ್ನೂ ಪ್ಯಾಟಿ ಕಂಡಿಲ್ಲ. ಗಂಜಿ ವಾಸನಿನೂ ಹೋಗಿಲ್ಲ. ಭಾರಿ ಸೀರಿ ಇದು. ಇಂಥಾದು ಉಡಸೋರಿಗೆ ನಮ್ಮ ರೊಕ್ಕ ಯಾಕ ಬೇಕ್ರಿ ಬಾಯಾರ?"

ನಮ್ಮದು ಎಂದರೆ ಹುಡುಗಿಯ ವಿಲಾಯತಿ ಹೋಗುತ್ತದೆ. ಸಾಹುಕಾರರದು ಎಂದರೆ ನಮ್ಮ ನೂಲು ಹೋಗುತ್ತದೆ. ಮಾಲು ಉಟ್ಟವರಿಗೆ ಯಾವ ಸಾಹುಕಾರರೂ ಮತ್ತೆ ನೂಲು ಕೊಡುವುದಿಲ್ಲ.

"ಸೀರಿ ನಮ್ದಲ್ರಿ," ಎಂದು ಹುಡುಗಿ ಶುರು ಮಾಡಿದಳು.

"ನೀ ಸುಮ್ಕಿರು," ಎಂದೆ.

"ಯವ್ವಾ, ಕರದದ್ದು ನನ್ನ."

"ಉಡಿಸಿದಾಕಿ ನಾನು." ಯಜಮಾನರ ಕಡೆ ತಿರುಗಿದೆ. "ಸೀರಿ ನಮ್ಮ ಸಾಹುಕಾರ್ದರಿ. ನಿನ್ನಿ ಇಳಿಸೇವಿ, ಇವತ್ತ ಮುಟ್ಟಸ್ಬೇಕು. ಅವ್ರಿಗೆ ಗೊತ್ತಿಲ್ಲ. ನಮ್ಮ ಮನ್ಯಾಗ ಉಡುವಂಥಾ ಸೀರಿ ಇಲ್ಲ. ನೇಯುವಂಥಾವು ಅದಾವು."

"ಅಂದ್ರ ಕದ್ದು ಉಡಿಸೀರಿ."

"ಕದ್ದಿಲ್ರಿ. ಒಂದು ದಿನ ತಡಾ ಮಾಡೇನಿ."

ವಕೀಲರು ಪೆನ್ನು ಕೆಳಗಿಟ್ಟರು. ಯಜಮಾನರ ಹೊಟ್ಟೆ ಅಲುಗಿತು, ಮುಖ ಅಲುಗಲಿಲ್ಲ. ಹುಡುಗಿಗೆ ಕೇಳಿದರು, "ನೀ ಹೇಳವಾ. ಈ ಕಲ್ಲಿನ ಓದಿನಾಗ ಏನೈತಿ?"

ಅವಳು ಸೆರಗು ಸರಿ ಮಾಡಿಕೊಂಡು ಹೇಳಿದಳು. "ನಮ್ಮ ಇಳಕಲ್ ಕಲ್ಲು ಬೆಂಕ್ಯಾಗ ಹುಟ್ಟೇತ್ರಿ. ಬಾದಾಮಿ ಕಲ್ಲು ನೀರಿನ ತಳದಾಗ ಕುಂತ ಉಸುಕು. ನಡುವ ಒಂದು ದಿನದ ಬಸ್ಸಿನ ಹಾದಿನೂ ಇಲ್ಲ. ಹಳೇದರ ಮ್ಯಾಲ ಹೊಸಾದು ಹೆಂಗ ಕುಂತು, ನಡುವ ಎಷ್ಟು ಕಾಲ ಹೋತು, ಅದನ್ನ ನೋಡೋ ಮಷೀನು ಅಲ್ಲಿ ಅದಾವು. ಇಲ್ಲಿ ಕಲ್ಲು ಅದಾವು."

"ಎರಡೂ ಒಂದ ಕಡೆ ಇಲ್ಲಂತಿ."

"ಅದಕ್ಕ ಹೋಗ್ಬೇಕಂತೇನ್ರಿ."

ಹದಿನೇಳು ವರ್ಷ ಸಾಕಿಯೂ ನಾನು ಇದನ್ನು ಕೇಳಿರಲಿಲ್ಲ. ಕಲ್ಲು ಒಳಗೆ ತರಬೇಡ ಎಂದಷ್ಟೇ ಹೇಳಿದ್ದೆ.

ನಮ್ಮನ್ನು ಹೊರಗೆ ಕೂಡಿಸಿದರು. ಹುಡುಗಿ ಗೋಡೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಸೀರಿಗೆ ಧೂಳ ಹತ್ತೀತು," ಎಂದೆ. "ಇನ್ನೇನ್ ಹತ್ತಬೇಕವಾ," ಎಂದಳು. ಸುಮಾರು ಒಂದು ತಾಸಿಗೆ ಮತ್ತೆ ಕರೆದರು. ವಕೀಲರ ಕೈಯಲ್ಲಿ ಟೈಪು ಮಾಡಿದ ಕಾಗದ ಇತ್ತು. ವಿಮಾನದ ಖರ್ಚು, ಒಂದು ವರ್ಷದ ಊಟ ವಸತಿ ಟ್ರಸ್ಟಿನದು ಎಂದು ಓದಿ ಹೇಳಿದರು. ಯಜಮಾನರು ನಮ್ಮ ಮುಂದೆಯೇ ಸಹಿ ಮಾಡಿ ಹುಡುಗಿಗೆ ಕೊಟ್ಟರು. ಅವಳು ಕಾಲಿಗೆ ಬಿದ್ದಳು. ನಾನು ಬೀಳಲಿಲ್ಲ, ಅವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿದ್ದಾರು, ಬೀಳಬಹುದಿತ್ತು.

"ಬಾಯಾರ," ಎಂದರು ಯಜಮಾನರು. "ಈ ಕಾಗದಕ್ಕೂ ಆ ಸೀರಿಗೂ ಸಂಬಂಧಿಲ್ಲ. ನಿಮ್ಮ ಸಾಹುಕಾರ ಯಾರು ಅಂತ ನಾ ಕೇಳಂಗಿಲ್ಲ, ಹೇಳಂಗೂ ಇಲ್ಲ. ಆದ್ರ ಒಬ್ಬಾಕಿ ಹೆಣ್ಮಗಳು ಉಟ್ಟ ಸೀರಿನ ಹೊಸಾದು ಅಂತ ಇನ್ನೊಬ್ಬಾಕಿಗೆ ಮಾರೋದು, ಅದು ಆಗಬಾರದು. ಅದಷ್ಟ ನೀವು ನೋಡ್ಕೊಳ್ರಿ."

"ನೋಡ್ಕೋತೇನ್ರಿ," ಎಂದೆ. ಬೈದಿದ್ದರೆ ಚಲೋ ಇತ್ತು. ಬೈದವರಿಗೆ ತಿರುಗಿ ಏನಾದರೂ ಅನ್ನಬಹುದು.

ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಹುಡುಗಿ ಇಳಿದು ಕರದಂಟು ತಂದಳು, ಕಿಟಕಿಯ ಹತ್ತಿರ ಕುಳಿತು ತಿನ್ನತೊಡಗಿದಳು.

"ದೂರ ಹಿಡಿ. ಬೆಲ್ಲದ ಅಂಟು ಬಿದ್ರ ಹೋಗಂಗಿಲ್ಲ."

"ಯವ್ವಾ, ಹೆಂಗೂ ಒಂದು ದಿನ ತಡಾ ಆಗೇತಿ. ಇನ್ನೊಂದು ಹನಿ ಬೆಲ್ಲ ಆಗಲಿ."

"ಇಮಾನದಾಗ ಹಿಂಗ ಮಾತಾಡಿದ್ರ ನಡುವ ಇಳಿಸ್ತಾರ."

ಅವಳು ನನ್ನ ಬಾಯಿಗೂ ಒಂದು ತುಂಡು ಇಟ್ಟಳು. ಹಲ್ಲಿಗೆ ಸಿಕ್ಕಿಕೊಂಡಿತು, ಹುನಗುಂದ ದಾಟುವ ತನಕ ಮಾತಾಡಲಾಗಲಿಲ್ಲ. ಅದಕ್ಕೇ ಇಟ್ಟಿದ್ದಳು.

ಮನೆಗೆ ಬಂದಾಗ ನಮ್ಮ ಮನೆಯವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಹುಡುಗಿ ಕಾಗದ ಕೊಟ್ಟಳು. ಈ ಸಲವೂ ಬೆಳಕಿಗೆ ಹಿಡಿದರು, ಇಂಗ್ಲಿಷಿನ ಕೆಳಗೆ ಅದನ್ನೇ ಕನ್ನಡದಲ್ಲೂ ಬರೆದಿದ್ದುದರಿಂದ ಓದಿದರು. ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿದರು.

"ಸೀರಿ?"

"ಗೊತ್ತಾತು."

"ಯಾರಿಗೆ?"

"ಎಲ್ಲಾರಿಗೂ. ನಿಮ್ಮ ಸಾಹುಕಾರ್ನ ಒಬ್ಬರ್ನ ಬಿಟ್ಟು."

ಉಟ್ಟ ಸೀರೆಯನ್ನು ಹೊಸದೆಂದು ಮಾರಲು ಬಿಡುವುದಿಲ್ಲ ಎಂದು ಯಜಮಾನರಿಗೆ ಕೊಟ್ಟ ಮಾತನ್ನು ಹೇಳಿದೆ. ನಮ್ಮ ಮನೆಯವರು ಕಾಗದ ಮಡಚಿ ಹುಡುಗಿಗೆ ಕೊಟ್ಟರು. "ನಾಳಿ ನಾ ಹೋಗಿ ಹೇಳ್ತೇನಿ."

"ನೀವು ಹೋದ್ರ ಅರ್ಧಾ ಹೇಳಿ, ಚಾ ಕುಡದು ಬರ್ತೀರಿ."

"ನೂಲು ನಿಲ್ಲಿಸಿದ್ರ?"

"ನಿಲ್ಲಿಸ್ತಾರ. ಇಲ್ಲಾ ಸೀರಿ ನಮ್ಮ ತಲಿಗೆ ಕಟ್ಟಿ ಕೂಲ್ಯಾಗ ಮುರಕೋತಾರ. ಎರಡ್ರಾಗ ಒಂದು."

ಹುಡುಗಿ ತಾನು ಹೋಗುತ್ತೇನೆ ಎಂದಳು. ಉಟ್ಟವಳು ತಾನು, ಹೇಳುವವಳೂ ತಾನೇ ಎಂದಳು. ನಿನ್ನ ಕೆಲಸ ಬೇರೆ ಇದೆ, ಕಾಗದವನ್ನು ರಿಜಿಸ್ಟರ್ ಮಾಡಿ ವಿಲಾಯತಿಗೆ ಕಳಿಸು ಎಂದೆ. ಪೋಸ್ಟು ತೆರೆಯುವುದು ಹತ್ತಕ್ಕೆ, ಅದಕ್ಕಿಂತ ಮೊದಲು ಬಂದುಬಿಡೋಣ ಎಂದು ವಾದ ಮಾಡಿದಳು. ಓದಿದವರ ಜೊತೆ ವಾದ ಮಾಡಬಾರದು, ನಾನು ಒಲೆ ಹೊತ್ತಿಸಲು ಎದ್ದೆ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಸೀರೆಯನ್ನು ಗೆರೆ ಕೂಡಿಸಿ ಮಡಚಿ, ಬಿಳಿ ಅರಿವೆಯಲ್ಲಿ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಇನ್ನೂ ಕೀಲಿ ತೆಗೆಯದ ಸಾಹುಕಾರರ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ.