ಕುಮಟೆಯಿಂದ ತಂದ ಗರಗಸ

ಒಂದು ಗರಗಸ ಆರಿಸಲು ನಮ್ಮ ಮನೆಯಲ್ಲಿ ಮೂರು ವಾರ ಹಿಡಿಯಿತು. ನನ್ನನ್ನು ನೋಡಿ, ಒಪ್ಪಿ, ಮದುವೆಗೆ ದಿನ ಗೊತ್ತು ಮಾಡಲು ಇದೇ ಜನಕ್ಕೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಅರವತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಮಂಕಿಯಲ್ಲಿ. ನಮ್ಮ ಮನೆಯವರು ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಇಬ್ಬರೂ ಮರ ಕೊಯ್ಯುವವರು. ಭಟ್ಕಳದ ಸಾಹುಕಾರರೊಬ್ಬರು ಕಾಡಿನಲ್ಲಿ ಮರ ಕಡಿಯಲು ಬಿಟ್ಟ ಜಾಗವನ್ನು, ಅಂದರೆ ಕೂಪನ್ನು, ಹರಾಜಿನಲ್ಲಿ ಹಿಡಿಯುತ್ತಿದ್ದರು. ಅಲ್ಲಿ ಗುರುತು ಹಾಕಿದ ಮರಗಳನ್ನು ಕೆಡವಿ, ಅಳತೆಗೆ ತುಂಡು ಮಾಡಿ ಕೊಡುವುದು ಇವರ ಕೆಲಸ. ಆಳುದ್ದದ ಗರಗಸ, ಎರಡು ತುದಿಗೆ ಎರಡು ಹಿಡಿ. ಒಂದು ಹಿಡಿಯಲ್ಲಿ ಅಣ್ಣ, ಇನ್ನೊಂದರಲ್ಲಿ ತಮ್ಮ. ಅಪ್ಪ ತೀರಿಕೊಂಡಾಗ ಭಾವನಿಗೆ ಹನ್ನೆರಡು ವರ್ಷ, ನಮ್ಮವರಿಗೆ ಮೂರೋ ನಾಲ್ಕೋ. ಅಂದು ಗರಗಸ ಹಿಡಿದ ಭಾವ ಮತ್ತೆ ಅದನ್ನು ಕೆಳಗೆ ಇಟ್ಟಿರಲಿಲ್ಲ. ತಮ್ಮನನ್ನು ಸಾಕಿದರು, ಅವನಿಗೆ ಮದುವೆ ಮಾಡಿದರು, ತಾವು ಮಾತ್ರ ಆಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮನೆಯಲ್ಲಿ ಕೇಳುವುದು, ಹೇಳುವುದು ಎರಡೂ ಕಮ್ಮಿ.

ನಾನೋ ಧಾರೇಶ್ವರದವಳು. ನಮ್ಮ ತವರಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಕೇಳುವವರೇ ಇರುವುದಿಲ್ಲ. ಇಲ್ಲಿಗೆ ಬಂದರೆ ಗಂಡನ ಅಣ್ಣನ ಎದುರು ನಿಲ್ಲುವ ಹಾಗಿಲ್ಲ, ನೇರ ಮಾತಾಡುವ ಹಾಗಿಲ್ಲ. ಊಟಕ್ಕೆ ಕರೆಯಬೇಕಾದರೂ ಬಾಗಿಲ ಹಿಂದೆ ನಿಂತು, ಗೋಡೆಗೆ ಹೇಳಿದ ಹಾಗೆ, “ಬಡಿಸಿ ಆತು” ಅನ್ನಬೇಕು. ಗೋಡೆ ಎದ್ದು ಬಂದು ಉಣ್ಣುತ್ತದೆಯೇ? ಆದರೂ ಎಂಟು ವರ್ಷ ಹಾಗೇ ನಡೆಸಿದ್ದೆ. ಭಾವ ಮಾತ್ರ ನನ್ನನ್ನು ‘ತಂಗಿ’ ಎಂದು ಕರೆಯುತ್ತಿದ್ದರು, ಅದೂ ತಿಂಗಳಿಗೊಮ್ಮೆ.

ಆ ವರ್ಷ ದೀಪಾವಳಿ ಕಳೆದು ಕೂಪು ಶುರುವಾಗುವ ಮೊದಲು ಸಾಹುಕಾರರು ಮನೆ ಬಾಗಿಲಿಗೇ ಬಂದು ನಮ್ಮವರನ್ನು ಕರೆದರು. “ನೋಡ್ ಭಾಯಿ, ಈ ಕೈ ಗರಗಸದಲ್ಲಿ ಇನ್ನು ಪೂರೈಸೂದಿಲ್ಲ. ಕುಮಟೆ ಅಂಗಡೀಲಿ ಪೆಟ್ರೋಲ್ ಹಾಕಿ ಓಡಿಸೂ ಗರಗಸ ಬಂದದೆ, ಎರಡು ನಮೂನೆ. ದುಡ್ಡು ನಂದು, ಪಸಂದ್ ನಿಂದು. ಹಳೇ ನಮೂನೆದು ಎರಡು ವರ್ಷದಿಂದ ಅಂಗಡೀಲೇ ಕೂತದೆ, ಅದಕ್ಕೆ ರೇಟು ಇಳಿಸಿದಾರೆ. ಅದೇ ಬೇಕಾದ್ರೆ ಉಳಿದ ದುಡ್ಡಲ್ಲಿ ಅದರ ಹಲ್ಲಿನ ಚೈನು ಎರಡು ಹೆಚ್ಚಿಗೆ ಕೊಡಿಸ್ತೆ. ಬೇಗ ಹೇಳಿ,” ಅಂದರು. ತಡ ಮಾಡಿದರೆ ಕೂಪನ್ನು ಮುರ್ಡೇಶ್ವರದ ಕಡೆಯ ಜನಕ್ಕೆ ಕೊಡುವುದಾಗಿಯೂ ನಗುನಗುತ್ತಲೇ ಹೇಳಿ ಹೋದರು.

ನಮ್ಮವರು ಮರುದಿನವೇ ಕುಮಟೆಗೆ ಹೋಗಿ ನೋಡಿ ಬಂದರು. ಬಂದವರು ಜಗಲಿಯ ಮೇಲೆ ಕೂತು ಮೀನ ಮೇಷ ಎಣಿಸಲು ಶುರುಮಾಡಿದರು ನೋಡಿ, ದೇವರೇ ಗತಿ. ಹೊಸದು ಹಗುರ, ಆದರೆ ಹಳೆಯದು ಗಟ್ಟಿ. ಹೊಸದು ಬೇಗ ಕೊಯ್ಯುತ್ತದೆ, ಆದರೆ ಹಳೆಯದರ ಕೊಯ್ಯುವ ಪಟ್ಟಿ ಉದ್ದ. ಹೊಸದಕ್ಕೆ ಎಣ್ಣೆ ಕಮ್ಮಿ ಸಾಕು, ಆದರೆ ಹಳೆಯದಕ್ಕೆ ಎರಡು ಚೈನು ಬಿಟ್ಟಿ. ಬೆಳಿಗ್ಗೆ ಹೊಸದು, ಸಂಜೆಗೆ ಹಳೆಯದು. ಅನ್ನ ಕಲಸುತ್ತಾ ಕೂತವರು ಕೈ ಅಲ್ಲೇ ನಿಲ್ಲಿಸಿ ಯೋಚನೆಗೆ ಬೀಳುತ್ತಿದ್ದರು. ಸಾರು ಆರಿ ತಣ್ಣಗಾಗುತ್ತಿತ್ತು.

ನನಗೆ ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮವರಿಗೆ ಮೂವತ್ತು ದಾಟುವ ಮೊದಲೇ ಸೊಂಟ ಹಿಡಿದಿತ್ತು. ದಿನಾ ಬಿಸಿನೀರು ಹಾಕಿ, ಎಣ್ಣೆ ತಿಕ್ಕಿ ನನ್ನ ಕೈ ಸೋತುಹೋಗಿತ್ತು. ಹಗುರದ್ದು ಬಿಟ್ಟು ಭಾರದ್ದರ ಆಸೆ ಯಾರಿಗಾದರೂ ಹುಟ್ಟುತ್ತದೆಯೇ?

“ಹೊಸದು ತಕಳ್ಳೂಕೆ ಎಂತ ಅಡ್ಡಿ?” ಎಂದೆ.

“ಅಡ್ಡಿ ಎಂತದೂ ಇಲ್ಲ.”

“ಮತ್ತೆ?”

“ಕಾಂಬ.”

ಎಂತ ಕಾಣುವುದು? ಮೂರು ವಾರ ಕಂಡದ್ದು ಸಾಲದೇ? “ನಿಮ್ಮ ಅಣ್ಣನ ಹತ್ರ ಆದ್ರೂ ಕೇಳಿ,” ಅಂದೆ. ಕೇಳಿದರು, ಅದೂ ನನ್ನ ಕಾಟಕ್ಕೆ. ಭಾವ ಅಂಗಳದಲ್ಲಿ ಕೂತು ಅರದಿಂದ ಕೈ ಗರಗಸದ ಹಲ್ಲು ಉಜ್ಜುತ್ತಿದ್ದರು. ತಲೆ ಎತ್ತದೆ, “ಯಾವ್ದಾದ್ರೂ ಅಡ್ಡಿಲ್ಲ ತಮ್ಮ,” ಅಂದರು. ಭಾವನಿಗೆ ಎಲ್ಲದಕ್ಕೂ ಅಡ್ಡಿಲ್ಲ. ಸಾರಿಗೆ ಉಪ್ಪು ಮರೆತರೂ ಅಡ್ಡಿಲ್ಲ, ಸೂರು ಹಾರಿಹೋದರೂ ಅಡ್ಡಿಲ್ಲ. ಒಬ್ಬರದು ಕಾಂಬ, ಇನ್ನೊಬ್ಬರದು ಅಡ್ಡಿಲ್ಲ. ನಡುವೆ ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಕೊನೆಗೆ ಸಾಹುಕಾರರು ಆಳು ಕಳಿಸಿ, ಈ ವಾರ ತೀರ್ಮಾನ ಆಗದಿದ್ದರೆ ಬೇರೆಯವರಿಗೆ ಕೂಪು ಎಂದು ಹೇಳಿಸಿದರು. ನಾನು ಸೆರಗು ಬಿಗಿದು ಹೊರಟೆ. ಧಾರೇಶ್ವರದಲ್ಲಿ ಅಮ್ಮನಿಗೆ ಹುಷಾರಿಲ್ಲ, ನೋಡಿ ಬರಬೇಕು, ಹಾಗೇ ಮುಂದೆ ಕುಮಟೆಯ ಅಂಗಡಿಗೂ ಹೋಗೋಣ ಎಂದೆ. ಅಮ್ಮ ಗಟ್ಟಿಮುಟ್ಟಾಗಿಯೇ ಇದ್ದಳು, ದೇವರು ಕ್ಷಮಿಸಲಿ. ಭಾವನೂ ಬರಬೇಕು ಅಂತ ಗೋಡೆಗೆ ಹೇಳಿದೆ. ಮೂವರೂ ಬಸ್ಸು ಹಿಡಿದು, ಶರಾವತಿಯನ್ನು ತಾರಿ ದೋಣಿಯಲ್ಲಿ ದಾಟಿ, ಹೊನ್ನಾವರದಲ್ಲಿ ಮತ್ತೊಂದು ಬಸ್ಸು ಹತ್ತಿ ಕುಮಟೆಗೆ ಹೋದೆವು. ದಾರಿಯುದ್ದಕ್ಕೂ ಅಣ್ಣ ತಮ್ಮ ಮಾತಾಡಿದ್ದು ಒಂದೇ ಮಾತು, ಬಸ್ಸಿನಲ್ಲಿ ಜನ ಹೆಚ್ಚು ಅಂತ.

ಅಂಗಡಿಯವರು ನೀರೆತ್ತುವ ಎಂಜಿನ್ನು, ಪಂಪು ಮಾರುವವರು. ಮನೆಮಾತು ಕೊಂಕಣಿ, ಬಾಯಿ ಬಹಳ ಒಳ್ಳೆಯದು. ಹೊಸ ಗರಗಸವನ್ನು ಒಂದೇ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟರು. “ಇದು ನೋಡಿ, ಇದಕ್ಕೆ ಒಬ್ಬ ಮನುಷ್ಯ ಸಾಕು. ಒಬ್ಬನೇ ಹಿಡಿದು, ಒಬ್ಬನೇ ಕೊಯ್ದು, ಒಬ್ಬನೇ ಹೊತ್ಕಂಡು ಹೋಗ್ಬಹುದು,” ಅಂದರು.

ಮೂರು ವಾರದ ಸಿಟ್ಟು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಮ್ಮವರ ಕಡೆ ತಿರುಗಿ, ಅಂಗಡಿಯೆಲ್ಲ ಕೇಳುವಂತೆ, “ಕೇಳಿದ್ರಾ? ಒಬ್ಬ ಸಾಕಂತೆ! ಒಬ್ಬ ಮಾಡೂ ಕೆಲಸಕ್ಕೆ ಇಬ್ಬರು ಎಂತಕ್ಕೆ? ಹೊಸದೇ ತಕಣಿ, ಮುಗೀಲಿ ಇದು!” ಅಂದೆ.

ನಮ್ಮವರು ತಮ್ಮ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದರು. ಅಂಗಡಿಯವರು ಮೂಲೆಯಿಂದ ಹಳೆಯದನ್ನು ಎಳೆದು ತಂದರು. ಎರಡೂ ಕೈಯಲ್ಲಿ ಎತ್ತಲಾರದೆ ನೆಲದ ಮೇಲೇ ಇಟ್ಟರು. ಒಂದು ತುದಿಗೆ ಎಂಜಿನ್ನು, ಉದ್ದನೆಯ ಪಟ್ಟಿ, ಆ ಕಡೆಯ ತುದಿಗೆ ಇನ್ನೊಂದು ಹಿಡಿ. “ಇದಕ್ಕೆ ಮಾತ್ರ ಇಬ್ಬರು ಬೇಕೇ ಬೇಕು. ಈ ಕಡೆ ಒಬ್ಬ, ಆ ಕಡೆ ಒಬ್ಬ. ಹಾಗಾಗೇ ಯಾರೂ ಒಯ್ಯಲಿಲ್ಲ,” ಅಂದರು.

ಆಗ ನನಗೆ ತಿಳಿಯಿತು. ಹಗುರ, ಗಟ್ಟಿ, ಎಣ್ಣೆ, ಚೈನು ಎಂದು ಈ ಮನುಷ್ಯ ಮೂರು ವಾರ ಸುತ್ತಿದ್ದೆಲ್ಲ ಈ ಒಂದು ಹಿಡಿಯ ಸುತ್ತ. ಹೊಸದು ಬಂದರೆ ಅಣ್ಣನಿಗೆ ಕೆಲಸವಿಲ್ಲ. ಹನ್ನೆರಡನೇ ವರ್ಷದಿಂದ ದುಡಿದು ಸಾಕಿದವನಿಗೆ, ಇನ್ನು ನೀನು ಬೇಡ ಎಂದು ಹೇಳಬೇಕು. ಆ ಮಾತನ್ನು ತಮ್ಮ ಹೇಳಲಾರದೆ ಇದ್ದ. ನಾನು ನಡುಬೀದಿಯ ಅಂಗಡಿಯಲ್ಲಿ ಬಾಯಿ ದೊಡ್ಡದು ಮಾಡಿ ಹೇಳಿ ಮುಗಿಸಿದ್ದೆ. ಭಾವ ನನ್ನ ಬೆನ್ನ ಹಿಂದೆ, ಬಾಗಿಲ ಹತ್ತಿರವೇ ನಿಂತಿದ್ದರು.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಮ್ಮವರ ಮೇಲೆ ಸಿಟ್ಟು ಬಂತು. ಅಯ್ಯೋ ಮಾರಾಯಾ, ಮನೆಯಲ್ಲಿ ಒಂದು ಮಾತು ನನ್ನ ಕಿವಿಯಲ್ಲಿ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಆಡಿದ ಮಾತು ಮುಚ್ಚಲು ನಾನು ಉಲ್ಟಾ ಹೊಡೆದೆ. ಹಳೆಯದರ ಕಬ್ಬಿಣ ತಟ್ಟಿ ನೋಡಿದೆ. ಇದೇ ಗಟ್ಟಿ, ಹೊಸದು ಮಕ್ಕಳ ಆಟದ ಸಾಮಾನಿನ ಹಾಗೆ ಕಾಣುತ್ತದೆ, ನಮಗೆ ಇದೇ ಬೇಕು ಅಂದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈ ಹೆಂಗಸಿಗೆ ತಲೆ ಸರಿ ಇಲ್ಲ ಎಂದುಕೊಂಡಿರಬೇಕು.

ಭಾವ ಒಂದು ಹೆಜ್ಜೆ ಮುಂದೆ ಬಂದು, “ಹೊಸದು ಹಗುರ ಅದೆ ಕಾಣ್ ತಮ್ಮ. ಹೊಸದೇ ತಕೊ,” ಅಂದರು.

ಭಾವ ‘ಅಡ್ಡಿಲ್ಲ’ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ. ಪಾಪ, ದೊಡ್ಡ ಮನಸ್ಸು, ನಮಗಾಗಿ ತಾವೇ ಸರಿದು ನಿಲ್ಲುತ್ತಿದ್ದಾರೆ ಎಂದುಕೊಂಡೆ. ನಮ್ಮವರಿಗೂ ಹಾಗೇ ಅನ್ನಿಸಿತು. ಹುಟ್ಟಿದ ಮೇಲೆ ಮೊದಲ ಸಲ ಅಣ್ಣನಿಗೆ ಎದುರಾಡಿ, “ನೀ ಸುಮ್ನಿರು ಅಣ್ಣ. ಹಳೇದೇ ಆತು,” ಅಂದರು. ಭಾವ “ಅಡ್ಡಿಲ್ಲ,” ಅಂದು ಆ ಕಡೆಯ ಹಿಡಿಗೆ ಕೈ ಹಾಕಿದರು.

ಆ ಪೀಡೆಯನ್ನು ಮನೆಗೆ ತಂದದ್ದೇ ಒಂದು ಕಥೆ. ಬಸ್ಸಿನವನು ಪೆಟ್ರೋಲ್ ವಾಸನೆ ಎಂದು ಬೈದು ಮೇಲೆ ಹಾಕಿಸಿದ. ತಾರಿಯಲ್ಲಿ ಮೀನು ಮಾರುವ ಹೆಂಗಸರು ತಮ್ಮ ಬುಟ್ಟಿ ಸರಿಸುತ್ತಾ ಮೂಗು ಮುಚ್ಚಿಕೊಂಡರು. ಮೀನಿನವರೇ ಮೂಗು ಮುಚ್ಚಿದರೆಂದರೆ ಲೆಕ್ಕ ಹಾಕಿ.

ಕೂಪಿಗೆ ಹೋದ ಮೇಲೆ ಅದು ತನ್ನ ಗುಣ ತೋರಿಸಿತು. ಹಗ್ಗ ಎಳೆದು ಎಳೆದು ತೋಳು ಬೀಳಬೇಕು, ಆಮೇಲೆ ಒಮ್ಮೆ ಕೆಮ್ಮಿ, ಹೊಗೆ ಕಾರಿ ಸುಮ್ಮನಾಗುತ್ತಿತ್ತು. ಓಡಿದ ದಿನ ಓಡಿತು, ಇಲ್ಲದ ದಿನ ಇಲ್ಲ. ಒಂದು ಸಣ್ಣ ತಿರುಪು ಹೋದರೆ ಬೊಂಬಾಯಿಯಿಂದ ಬರಬೇಕು. ಬಿಟ್ಟಿ ಬಂದ ಚೈನು ಎರಡೂ ಬೇಗ ಸವೆದವು. ಮುರ್ಡೇಶ್ವರದ ಕಡೆಯ ಜನ ಹೊಸ ನಮೂನೆಯದು ತೆಗೆದುಕೊಂಡು ಪಕ್ಕದ ಕೂಪನ್ನು ಬೇಸಿಗೆಯ ಮೊದಲೇ ಮುಗಿಸಿ ಹೋದರು. ಸಾಹುಕಾರರು ಬಂದು, “ಪಸಂದ್ ನಿಮ್ದೇ ಅಲ್ವಾ?” ಎಂದು ಕೇಳಿದರು. ನಾನು ಒಳಗೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಇರಲಿ, ಭಾವನ ಮರ್ಯಾದೆ ಉಳಿಯಿತಲ್ಲ, ಅದಕ್ಕಾದರೂ ಈ ಕರ್ಮ ಅನುಭವಿಸೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಇತ್ತು.

ಎರಡನೇ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಇಬ್ಬರೂ ಕೂಪಿನಿಂದ ಬಂದು ಜಗಲಿಯಲ್ಲಿ ಕೂತಿದ್ದರು. ಚಾ ಇಟ್ಟು ಬಾಗಿಲ ಹಿಂದೆ ಸರಿದೆ. ಸಂದಿಯಿಂದ ನೋಡಿದರೆ ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ಲೋಟ ಗಡಗಡ ಅಲುಗಿ ಚಾ ಪಂಚೆಯ ಮೇಲೆಲ್ಲ ಚೆಲ್ಲುತ್ತಿತ್ತು. ಮೆಲ್ಲಗೆ ಕೆಳಗೆ ಇಟ್ಟು, ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತರು. ನಮ್ಮವರು ಪಕ್ಕದಲ್ಲೇ ಕೂತು ಬೇರೆ ಕಡೆ ನೋಡುತ್ತಿದ್ದರು.

ನನ್ನ ಪಿತ್ತ ನೆತ್ತಿಗೇರಿತು. ಸುಡುಗಾಡು ಪದ್ಧತಿ! ಬಾಗಿಲು ದಾಟಿ ನೇರ ಭಾವನ ಎದುರು ಹೋಗಿ ನಿಂತೆ. “ಭಾವಾ, ಕೈಗೆ ಎಂತಾಗದೆ? ಯಾವಾಗಿಂದ ಹೀಗೆ?”

ನಮ್ಮವರು ಗಾಬರಿಯಾಗಿ ಎದ್ದು ನಿಂತರು. ಭಾವ ಮಾತ್ರ ನನ್ನ ಮುಖ ನೋಡದೆ, ಅಂಗಳದ ಕಡೆ ನೋಡುತ್ತಾ ಹೇಳಿದರು. “ಕೈ ಗರಗಸ ಇದ್ದಾಗ್ಲೇ ಶುರು ಆಗಿತ್ತು ತಂಗಿ. ಈ ಮಿಷನ್ ನಡುಗ್ತದಲ್ಲ, ಈಗ ಹೆಚ್ಚಾತು, ಅಷ್ಟೇ.”

“ಮತ್ತೆ ಹೇಳೂಕೆ ಎಂತ ಆಗಿತ್ತು?”

“ಹೊಸದು ಬತ್ತದೆ, ಅದಕ್ಕೆ ತಮ್ಮ ಒಬ್ಬ ಸಾಕು, ಇನ್ನು ನಾ ಮನೇಲಿ ಕೂತ್ಕಳ್ಳೂದು ಅಂತ ಮಾಡಿದ್ದೆ. ಅಂಗಡೀಲಿ ಮೊದ್ಲು ನೀನೂ ಹಾಂಗೇ ಹೇಳ್ದೆ. ಖುಷಿ ಆಗಿತ್ತು. ಆಮೇಲೆ ನೀವಿಬ್ಬರೂ ಹಳೇದೇ ಬೇಕು ಅಂತ ಹಟ ಮಾಡಿದ್ರಿ. ಹೌದಪ್ಪಾ, ಕೂತು ಉಂಬೂಕೆ ನಂಗೆ ಇನ್ನೂ ಹೊತ್ತಾಗಲಿಲ್ಲ ಅಂತ ತಿಳ್ಕಂಡೆ. ಅಡ್ಡಿಲ್ಲ.”

ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ, ಎರಡೂ ಬಂತು. ಅನ್ನ ಬೇಕಾದರೆ ದುಡಿ ಎಂದು ನಾವು ಹೇಳಿದೆವು ಎಂದುಕೊಂಡು ಈ ಮನುಷ್ಯ ಎರಡು ವರ್ಷ ನಡುಗುವ ಕೈಯಲ್ಲಿ ಆ ದರಿದ್ರ ಹಿಡಿ ಹಿಡಿದಿದ್ದರು. “ಹಾಂಗಲ್ಲ ಭಾವಾ, ಹಾಂಗಲ್ಲ,” ಎಂದು ಎಷ್ಟು ಸಲ ಅಂದೆನೋ. ಯಾಕೆ ಹಳೆಯದನ್ನು ಆರಿಸಿದೆವು ಎನ್ನುವುದನ್ನು ಎಲ್ಲ ಬಿಡಿಸಿ ಹೇಳಿದೆ. ನಮ್ಮವರು ಕಂಬ ಹಿಡಿದುಕೊಂಡು ನಿಂತಿದ್ದರು, ಮುಖ ಬಾಡಿಹೋಗಿತ್ತು. ಭಾವ ಎಲ್ಲ ಕೇಳಿ, “ಎಂತ ಹುಚ್ಚು ನಿಮ್ದು,” ಎಂದು ನಕ್ಕರು.

“ನಾಳೆಯಿಂದ ನೀವು ಹೋಗೂದು ಬೇಡ,” ಅಂದೆ.

“ಆ ತುದಿ ಯಾರು ಹಿಡೀತ್ರು? ಹೊಸಬರಿಗೆ ತಮ್ಮನ ಕೈ ಗೊತ್ತಿರೂದಿಲ್ಲ. ಒಂದು ಚೂರು ತಪ್ಪಿದ್ರೆ ಚೈನು ಕಾಲಿಗೇ ಬರ್ತದೆ.”

ಸಾಹುಕಾರರ ಹತ್ತಿರ ಇನ್ನೊಂದು ಮಿಷನ್ ಕೇಳಲು ನಮಗೆ ಮುಖ ಉಳಿದಿರಲಿಲ್ಲ. ಅಂಗಡಿಯಲ್ಲಿದ್ದ ಎರಡರಲ್ಲಿ, ಭಾವ ಇಲ್ಲದೆ ನಡೆಯದ್ದನ್ನೇ ನಾವು ಹುಡುಕಿ ಆರಿಸಿದ್ದೆವು. ಮರುದಿನ ಬೆಳಿಗ್ಗೆ ಭಾವ ಗಂಜಿ ಉಂಡು ತಮ್ಮನ ಹಿಂದೆ ಹೊರಟರು. ಇನ್ನೂ ಮೂರು ವರ್ಷ ಹೋದರು.