ಪರೀಕ್ಷೆಗೆ ಅಡ್ಡ ಬಂದ ಕುಂಕುಮ

ನಮ್ಮ ಕಾಲೇಜಿನ ಹುಡುಗರು ವರ್ಷವೂ ತಪ್ಪದೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಮೇಡಂ, ಈ ಕಂಪ್ಯೂಟರ್ ಸರ್ಟಿಫಿಕೇಟುಗಳನ್ನೆಲ್ಲ ಮಾಡಿದ್ರೆ ಏನಾದ್ರೂ ಉಪಯೋಗ ಐತಾ?" ಕೇಳುವಾಗ ಅವರ ಮುಖ ನೋಡಬೇಕು. ಇಲ್ಲ ಅಂದುಬಿಟ್ಟರೆ ಸಾಕು, ನೆಮ್ಮದಿಯಾಗಿ ಮನೆಗೆ ಹೋಗಿ ಮಲಗುತ್ತೇವೆ ಅನ್ನುವ ಮುಖ! ನಾನು ಮೊದಲು ಬೈಯುತ್ತೇನೆ. ಆಮೇಲೆ ನಮ್ಮ ಅತ್ತೆಯ ಕುಂಕುಮದ ಕಥೆ ಹೇಳುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ಕೇಳಿದವನಿಗೆ ಪ್ರಶ್ನೆ ಮರೆತು, ನಮ್ಮ ಅತ್ತೆಯ ಮೇಲೆ ಪ್ರೀತಿ ಹುಟ್ಟಿರುತ್ತದೆ. ಪ್ರತಿ ವರ್ಷ ಗಂಟಲು ಹರಿದುಕೊಳ್ಳುವ ಬದಲು ಬರೆದೇ ಇಟ್ಟರಾಯಿತು ಅನ್ನಿಸಿತು.

ನಾನು ಹುಟ್ಟಿದ್ದು ನಾಗಮಂಗಲದ ದೇವಲಾಪುರದ ಕಡೆ, ರಾಗಿ ಹುರುಳಿ ಬೆಳೆಯುವ ಮನೆಯಲ್ಲಿ. ಕೊಟ್ಟಿದ್ದು ಅರಕೆರೆಗೆ. ಇಲ್ಲಿ ನಾಲೆ ನೀರು, ಭತ್ತ, ಕಬ್ಬು, ಕೊಟ್ಟಿಗೆಯಲ್ಲಿ ಹಸು. ಮದುವೆಗೆ ಮುಂಚೆ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆನಾದ್ದರಿಂದ ಪಾಂಡವಪುರದ ಒಂದು ಖಾಸಗಿ ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಬೆಳಿಗ್ಗೆ ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಪಾಂಡವಪುರಕ್ಕೆ ಇನ್ನೊಂದು. ಕೆಲಸ ಏನೆಂದರೆ, ಇಡೀ ಕಾಲೇಜಿನಲ್ಲಿ ಎಲ್ಲಿ ಇಂಟರ್ನೆಟ್ಟು ನಿಂತರೂ ನನ್ನನ್ನು ಕೂಗುತ್ತಿದ್ದರು. ಏಣಿ ಹತ್ತುವುದು, ವೈರು ಎಳೆಯುವುದು, ಇಲಿ ಕಡಿದ ಕಡೆ ಹುಡುಕಿ ಜೋಡಿಸುವುದು ನಾನು. ಲ್ಯಾಬಿನ ಮುಖ್ಯಸ್ಥರು ಅಂತ ಒಬ್ಬರಿದ್ದರು, ಸಹಿ ಹಾಕುವುದು ಅವರು.

ಆ ಮುಖ್ಯಸ್ಥರು ಕೆಲಸ ಬಿಟ್ಟು ಹೋದಾಗ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ನೋಡಮ್ಮಾ, ಕೆಲಸ ನಿಂಗೆ ಬರುತ್ತೆ ಅಂತ ನಂಗೊತ್ತು. ಆಡಳಿತ ಮಂಡಳಿಯವರಿಗೆ ಗೊತ್ತಿಲ್ವಲ್ಲ. ನೆಟ್‌ವರ್ಕಿನದು ಒಂದು ಸರ್ಟಿಫಿಕೇಟ್ ಇದ್ರೆ ಆ ಜಾಗಕ್ಕೆ ನಿನ್ನ ಹೆಸರೇ ಕಳಿಸ್ತೀನಿ. ಇಲ್ದಿದ್ರೆ ಮೈಸೂರಿಂದ ಯಾರನ್ನಾದ್ರೂ ತರ್ತಾರೆ. ದಸರಾ ರಜೆ ಮುಗಿಯೋದ್ರೊಳಗೆ ತಗೊಂಡು ಬಾ."

ಹೊರಗೆ ಬಂದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ನನಗೋಸ್ಕರವೇ ಹುಟ್ಟಿದ್ದು ಅನ್ನಿಸಿತು. ಇಷ್ಟು ವರ್ಷ ಏಣಿ ಹತ್ತಿದ್ದಕ್ಕೆ ಲೆಕ್ಕವಿಲ್ಲ, ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿ ಪಾಸಾದರೆ ಲೆಕ್ಕವೇ? ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು ಮಾತಿಗೆ. ಮೈಸೂರಿನಿಂದ ಯಾರೋ ಬರುತ್ತಾರೆ, ಯಾವ ವೈರು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ನಾನೇ ಹೇಳಿಕೊಡಬೇಕು, ಆಮೇಲೆ ಜೀವನಪೂರ್ತಿ ಅವರ ಕೈಕೆಳಗೆ ಏಣಿ ಹಿಡಿಯಬೇಕು. ಆ ಜಾಗ ನನಗೆ ಬೇಕಿತ್ತು. ಬೇಕು ಅಂದರೆ ಬೇಕೇ ಬೇಕಿತ್ತು.

ಆ ಭಾನುವಾರ ತವರಿಗೆ ಹೋಗಿ ಅಪ್ಪನ ಮುಂದೆ ಎಲ್ಲ ಕಾರಿಕೊಂಡೆ. ನಮ್ಮಪ್ಪನಿಗೆ ಎತ್ತುಗಳ ಹುಚ್ಚು. ಸುತ್ತಿನ ಹಳ್ಳಿಗಳವರು ಜೋಡಿ ಕೊಳ್ಳಲು ಹೋಗುವಾಗ ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಕೆ.ಆರ್. ಪೇಟೆಯ ಸಂತೆಬಾಚಹಳ್ಳಿಯವರೆಗೂ ಹೋಗಿ ಎತ್ತು ನೋಡಿ ಬಂದಿದ್ದಾನೆ. ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಾ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡ.

"ಎತ್ತು ಕೊಳ್ಳಕ್ಕೆ ಓದಾಗ ಮೊದ್ಲು ಏನವ್ವ ನೋಡ್ತೀವಿ?"

"ಹಲ್ಲು. ಆಮೇಲೆ ಸುಳಿ."

"ಅಲ್ಲು ಒಲ ಉಳ್ತದಾ? ಸುಳಿ ಗಾಡಿ ಎಳೀತದಾ?"

"ಇಲ್ಲ."

"ಮತ್ಯಾಕೆ ನೋಡ್ತೀವಿ? ನಮ್ಮಟ್ಟಿ ಎತ್ತಾದ್ರೆ ಅದರ ಗುಣ ನಮಗೆ ಗೊತ್ತಿರ್ತದೆ. ಗುರ್ತಿಲ್ಲದೋನು ಕೊಳ್ಳಕ್ಕೆ ಬಂದ್ರೆ ಅವನು ಏನಾದ್ರೂ ಒಂದು ನೋಡ್ಬೇಕಲ್ಲ. ಅಲ್ಲು ನೋಡಿ ಅಟ್ಟಿಗೆ ತತ್ತನೆ, ನೊಗ ಕಟ್ಟಿ ನೋಡಿ ಉಳಿಸ್ಕತ್ತನೆ. ನೀನು ಬಾಯೇ ತೆಗೆಯಲ್ಲ ಅಂದ್ರೆ ನೊಗದ ತಾವ್ಕೆ ಎಂಗೆ ಓದೀಯೆ?"

"ನಾನೇನು ಎತ್ತಾ ಅಪ್ಪಾ?"

"ಎತ್ತಲ್ಲ ಕಣವ್ವ. ಎತ್ತಾಗಿದ್ರೆ ಏಳಿದ ಮಾತು ಕೇಳ್ತಿತ್ತು."

ಅವ್ವ ಒಳಗಿನಿಂದಲೇ ನಕ್ಕಳು. ನನಗೂ ನಗು ಬಂತು, ತಡೆದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲೇ ಫೋನು ತೆಗೆದು ಪಾಠ ಓದಲು ಶುರು ಮಾಡಿದೆ.

ಓದು ಅನ್ನುವುದು ಮನೆ, ಹಸು, ಎರಡು ಬಸ್ಸುಗಳ ಮಧ್ಯೆ ಎಲ್ಲಿ ಸಿಕ್ಕೀತು? ನಾನು ಕೇಳಲೇ ಇಲ್ಲ, ಅತ್ತೆ ತಾವಾಗಿಯೇ ಹಾಲು ಕರೆದು ಡೈರಿಗೆ ಹಾಕಿ ಬರತೊಡಗಿದರು. ಮುದ್ದೆ ತಿರುವುವ ಕೋಲನ್ನೂ ನನ್ನ ಕೈಯಿಂದ ಕಿತ್ತುಕೊಂಡರು. "ಅದೇನವ್ವ ಅಂಥಾದ್ದು ಓದ್ತಾ ಇದ್ದೀಯೆ?" ಅಂತ ಒಂದು ದಿನ ಕೇಳಿದರು. ನಾಲೆಯ ನೀರು ಯಾವ ಗದ್ದೆಗೆ ಹೋಗಬೇಕು ಅಂತ ನೀರುಗಂಟಿ ತೂಬು ತೆಗೆದು ಮುಚ್ಚುತ್ತಾನಲ್ಲ, ಹಾಗೆ ಯಾವ ಕಂಪ್ಯೂಟರಿನ ಮಾತು ಯಾವ ಕಂಪ್ಯೂಟರಿಗೆ ಮುಟ್ಟಬೇಕು ಅಂತ ನೋಡುವ ಓದು ಅಂದೆ. "ಓ, ನೀರುಗಂಟಿ ಕೆಲ್ಸ ಅನ್ನು" ಅಂದವರು, ಅಂದಿನಿಂದ ಬೀದಿಯಲ್ಲೆಲ್ಲ ತಮ್ಮ ಸೊಸೆ ಕಾಲೇಜಿಗೆ ನೀರುಗಂಟಿಯಾಗುತ್ತಾಳೆ ಅಂತ ಹೇಳಿಕೊಂಡು ಬಂದರು.

ಓದುತ್ತಾ ಓದುತ್ತಾ ನನಗೇ ಬೆರಗಾಯಿತು. ಎಲ್ಲಿ ಮುಟ್ಟಿದರೆ ಸರಿಹೋಗುತ್ತದೆ ಅಂತ ನನ್ನ ಕೈಗೆ ಗೊತ್ತಿತ್ತು. ಯಾಕೆ ಸರಿಹೋಗುತ್ತದೆ ಅಂತ ತಲೆಗೆ ಗೊತ್ತಿರಲಿಲ್ಲ. "ಅಯ್ಯೋ, ಇದಕ್ಕಾ ಆವತ್ತು ಹಂಗಾಗಿದ್ದು!" ಅಂತ ಬಸ್ಸಿನಲ್ಲಿ ಒಬ್ಬಳೇ ಕೂಗಿಕೊಂಡು, ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಬರಿಯಾಗಿ ಎದ್ದು ಬೇರೆ ಸೀಟಿಗೆ ಹೋದದ್ದೂ ಉಂಟು. ಸರ್ಟಿಫಿಕೇಟಿನ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಮೈಸೂರಿನ ಪರೀಕ್ಷಾ ಕೇಂದ್ರದಲ್ಲಿ ರಜೆಯೊಳಗೆ ಒಂದು ದಿನವೂ ಖಾಲಿ ಇರಲಿಲ್ಲ. ಮನೆಯಲ್ಲೇ ಕೂತು ಕ್ಯಾಮೆರಾ ಮುಂದೆ ಬರೆಯಬಹುದು ಅಂದರು. ಎಲ್ಲಿಂದಲೋ ಒಬ್ಬರು ಆ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಯಾರೂ ಬರಕೂಡದು, ಮಾತಾಡಕೂಡದು. ನಾನು ಭತ್ತದ ಮೂಟೆ ಪೇರಿಸಿದ್ದ ಕೋಣೆಯನ್ನು ಗುಡಿಸಿ ಮೇಜು ಹಾಕಿಕೊಂಡೆ. ಕೋಣೆಯನ್ನು ಸುತ್ತಲೂ ತೋರಿಸಿ ಅಂತ ಆತ ಕೇಳಿದಾಗ ತೋರಿಸಿದೆ. ಆ ಮೂಟೆಗಳಲ್ಲಿ ಏನಿದೆ ಅಂದ. ಭತ್ತ ಅಂದೆ. ಅದರ ಹಿಂದೆ? ಗೋಡೆ ಅಂದೆ. ಒಂದು ಮೂಟೆ ಸರಿಸಿ ಗೋಡೆಯನ್ನೂ ತೋರಿಸಿದ ಮೇಲೆ ಪರೀಕ್ಷೆ ಶುರುವಾಯಿತು.

ಮನೆಯವರು ಗದ್ದೆಗೆ ಹೋಗಿದ್ದರು. ಅತ್ತೆಗೆ ಹಿಂದಿನ ದಿನದಿಂದ ಹೇಳಿದ್ದೇ ಹೇಳಿದ್ದು, ಒಳಗೆ ಬರಬೇಡಿ, ಮಾತಾಡಿಸಬೇಡಿ ಅಂತ. "ನಾನ್ಯಾಕವ್ವ ಮಾತಾಡಿಸ್ಲಿ" ಅಂದಿದ್ದರು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು, ಪ್ರಶ್ನೆಗಳು ನೀರು ಕುಡಿದ ಹಾಗೆ ಹೋಗುತ್ತಿದ್ದವು. ಹಿಂದೆ ಬಾಗಿಲು ಮೆಲ್ಲಗೆ ಕಿರ್ ಅಂದಿತು. ತಿರುಗಿ ನೋಡುವ ಹಾಗೂ ಇಲ್ಲ. ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ನನ್ನ ಮುಖದ ಪಕ್ಕ ಅತ್ತೆಯ ಮುಖ ಬಂತು. ಒಂದು ಕೈಯ ಬೆರಳನ್ನು ತಮ್ಮ ತುಟಿಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ನನ್ನ ಹಣೆಗೆ ಕುಂಕುಮ ಇಟ್ಟರು. ಅಷ್ಟಕ್ಕೇ ಬಿಡದೆ ಒಂದು ಚಿಟಿಕೆ ಸಕ್ಕರೆಯನ್ನೂ ಬಾಯಿಗೆ ಹಾಕಿ, ಬಂದ ಹಾಗೇ ತುದಿಗಾಲಲ್ಲಿ ಹೊರಟರು. ಅವರು ಬಾಗಿಲು ಮುಟ್ಟುವ ಮೊದಲೇ ಪರದೆಯ ಮೇಲೆ ಪರೀಕ್ಷೆ ರದ್ದಾಗಿದೆ ಅಂತ ಬಂತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನ್ನ ಬಾಯಿಗೆ ಸಕ್ಕರೆ ಬಂದಿತ್ತು, ತುತ್ತು ಹೋಗಿತ್ತು.

"ಯಾಕತ್ತೆ ಬಂದ್ರಿ! ಬರಬೇಡಿ ಅಂತ ಬಾಯಿ ಬಡ್ಕೊಂಡಿರ್ಲಿಲ್ವಾ!" ಅಂತ ಕಿರುಚಿದೆ.

"ನಾನು ಉಸ್ರೂ ಎತ್ತಲಿಲ್ವಲ್ಲಾ ಕಣವ್ವ!"

"ಉಸಿರು ಎತ್ತದಿದ್ರೆ ಏನಂತೆ, ಕೈ ಎತ್ತಿದ್ರಲ್ಲ!"

"ಕಿಟಕೀಲಿ ಇಣಿಕಿ ನೋಡಿದ್ರೆ ಬೋಳಣೇಲಿ ಕುಂತಿದ್ದೀಯೆ. ಪರೀಕ್ಸೆಗೆ ಕುಂತೋಳು ಅಂಗಿರ್ತಾರಾ? ಒಸ್ಲು ದಾಟಿ ಓಗಿದ್ರೆ ಒಸ್ಲಲ್ಲೇ ಇಕ್ಕಿ ಕಳುಸ್ತಿದ್ದೆ. ನೀನು ಒಸ್ಲೇ ದಾಟ್ಲಿಲ್ವಲ್ಲಾ, ನಾನೇನ್ ಮಾಡ್ಲಿ?"

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹೊಸಿಲ ಮೇಲೆ ನಿಲ್ಲಿಸಿ ಕುಂಕುಮ ಇಟ್ಟು ಸಕ್ಕರೆ ಕೊಡದೆ ಕಳಿಸಿದ್ದೇ ಇಲ್ಲ. ಗಡಿಬಿಡಿಯಲ್ಲಿ ತಲೆಗೆ ನೀರು ಹಾಕಿಕೊಂಡವಳು ನಾನೂ ಹಣೆಗೆ ಇಟ್ಟುಕೊಳ್ಳುವುದನ್ನು ಮರೆತಿದ್ದೆ. ಮೂಟೆಗೆ ಒರಗಿ ಕೂತು ಅತ್ತುಬಿಟ್ಟೆ. ಗದ್ದೆಯಿಂದ ಬಂದ ಮನೆಯವರು ನನ್ನ ಮುಖ ನೋಡಿ, ಅವರಮ್ಮನ ಮುಖ ನೋಡಿ, ಏನೂ ಕೇಳದೆ ಹಸುಗಳಿಗೆ ನೀರು ಕುಡಿಸಲು ಹೋದರು. ಜಾಣ.

ಸಂಜೆ ಅತ್ತೆ ನನ್ನ ಹತ್ತಿರ ಬಂದು ಕೂತರು. "ಆ ಕ್ಯಾಮ್ರಾದಲ್ಲಿ ಕುಂತಿದ್ನಲ್ಲ, ಅವ್ನಿಗೊಂದು ಪೋನ್ ಮಾಡ್ಕೊಡು. ನಾನೇ ಏಳ್ತೀನಿ. ಅವ್ನಿಗೂ ಒಬ್ಳು ಅವ್ವ ಇದ್ದೇ ಇರ್ತಾಳೆ, ಅರ್ತ ಆಯ್ತದೆ ಬುಡು."

ಅವನ ನಂಬರು ನನ್ನ ಹತ್ತಿರ ಎಲ್ಲಿಂದ ಬರಬೇಕು? ನಡೆದದ್ದನ್ನು ನಡೆದ ಹಾಗೇ ಬರೆದು ಪರೀಕ್ಷೆಯವರಿಗೆ ಕಳಿಸಿದೆ. ನಿಯಮ ನಿಯಮವೇ, ಆದರೆ ಮೋಸ ಮಾಡಿದ್ದೆಂದು ಎಣಿಸುವುದಿಲ್ಲ, ಮತ್ತೆ ದುಡ್ಡು ಕಟ್ಟಿ ಬರೆಯಬಹುದು ಅಂತ ಉತ್ತರ ಬಂತು. ಸಿಕ್ಕ ದಿನ ರಜೆಯ ಕೊನೆಯ ದಿನ. ಈ ಸಲದ ಪರೀಕ್ಷೆಯೂ ಹೋದರೆ ಜಾಗವೂ ಹೋದಂತೆ.

ಎರಡನೆಯ ಸಲ ಕೋಣೆಗೆ ಹೋಗುವ ಮೊದಲು ಹಣೆ ತೋರಿಸಿ, "ಈಗಲೇ ಇಟ್ಟುಬಿಡಿ ಅತ್ತೆ" ಅಂದೆ.

ಅವರು ಹಿಂದಕ್ಕೆ ಸರಿದರು. "ಬ್ಯಾಡ ಕಣವ್ವ. ನನ್ ಕೈ ತಾಗಿ ಒಂದ್ಸಲ ಕೆಟ್ಟೋಯ್ತು. ಇವತ್ತು ನೀನೇ ಇಕ್ಕೊ."

ಎಷ್ಟು ಹೇಳಿದರೂ ಕೇಳಲಿಲ್ಲ. ನಾನೇ ಇಟ್ಟುಕೊಂಡು ಒಳಗೆ ಹೋದೆ. ಅವರು ಬಾಗಿಲಿಗೆ ಅಡ್ಡಲಾಗಿ ಮಣೆ ಹಾಕಿಕೊಂಡು ಕೂತರು. ಒಳಗೆ ಪ್ರಶ್ನೆ ಓದುತ್ತಿದ್ದರೆ ಹೊರಗಿನದು ಅಷ್ಟಷ್ಟೇ ಕಿವಿಗೆ ಬೀಳುತ್ತಿತ್ತು. ಮನೆಯವರು ಒಳಗಿದ್ದ ಟವೆಲ್ಲು ಬೇಕು ಅಂತ ಬಂದರು ಅಂತ ಕಾಣುತ್ತದೆ. "ಟವಲ್ಲೂ ಇಲ್ಲ ಗಿವಲ್ಲೂ ಇಲ್ಲ, ಅಂಗೇ ಓಗ್ಲಾ!" ಅಂತ ಅತ್ತೆ ಪಿಸುಮಾತಿನಲ್ಲೇ ಗದರಿದರು. ಒಂದು ಕೋಳಿ ಕೊಕ್ಕೊಕ್ಕೋ ಅಂತ ಬಂದದ್ದು ಅರ್ಧಕ್ಕೇ ಸುಮ್ಮನಾಯಿತು. ಅದಕ್ಕೇನು ಮಾಡಿದರೋ ನಾನು ಇವತ್ತಿಗೂ ಕೇಳಿಲ್ಲ.

ಪರೀಕ್ಷೆ ಮುಗಿಯಿತು. ಪರದೆಯ ಮೇಲೆ ಪಾಸು ಅಂತ ಬಂತು. ಎಲ್ಲ ಮುಚ್ಚಿ ಬಾಗಿಲು ತೆಗೆದೆ. ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. ಬಲಗೈ ಮುಷ್ಟಿ ಬಿಗಿಯಾಗಿತ್ತು.

"ಕ್ಯಾಮ್ರಾ ಮುಚ್ಚಿದ್ಯಾ?"

"ಮುಚ್ಚಿದೆ."

"ಅವ್ನು ಒಂಟೋದ್ನಾ?"

"ಹೋದ ಅತ್ತೆ. ನಾನು—"

"ಪಾಸೋ ಪೇಲೋ ಆಮೇಲೆ ಏಳೀವಂತೆ. ಮೊದ್ಲು ಬಗ್ಗು."

ಮುಷ್ಟಿ ಬಿಚ್ಚಿದರು. ಅಷ್ಟು ಹೊತ್ತೂ ಕುಂಕುಮ ಹಿಡಿದುಕೊಂಡೇ ಕೂತಿದ್ದರು. ಬೆವರಿಗೆ ನೆನೆದು ಅಂಗೈಯೆಲ್ಲ ಕೆಂಪಾಗಿತ್ತು. ನಾನು ಬಗ್ಗಿದೆ. ನಾನಿಟ್ಟುಕೊಂಡಿದ್ದರ ಮೇಲೆಯೇ ದೊಡ್ಡದಾಗಿ ಇಟ್ಟರು. ಅವರನ್ನು ತಬ್ಬಿಕೊಂಡು ಅಳುತ್ತಲೇ ಪಾಸಾದೆ ಅಂತ ಹೇಳಿದೆ.

ಆಡಳಿತ ಮಂಡಳಿಯವರು ಸರ್ಟಿಫಿಕೇಟನ್ನು ಪೂರ್ತಿ ಓದಲೂ ಇಲ್ಲ, ಇದೆ ಅಂದದ್ದೇ ಸಾಕಾಯಿತು. ಜಾಗ ನನಗೇ ಬಂತು. ಅಪ್ಪ ಹೇಳಿದ ನೊಗ ಅದರ ಮುಂದಿನ ವಾರವೇ ಹೆಗಲಿಗೇರಿತು. ಕಾಲೇಜಿನ ಇಂಟರ್ನೆಟ್ಟು ಪೂರ್ತಿ ನಿಂತುಹೋದಾಗ, ಮೊದಲಿನ ಹಾಗೆ ಒಂದೊಂದೇ ವೈರು ಎಳೆದು ನೋಡುತ್ತಾ ಅಲೆಯಲಿಲ್ಲ. ಕೂತು ಯೋಚಿಸಿದೆ, ನೇರ ಹೋಗಿ ಕೆಟ್ಟಿದ್ದ ಜಾಗಕ್ಕೇ ಕೈ ಹಾಕಿದೆ. ಕಾಗದ ನನ್ನನ್ನು ಬಾಗಿಲವರೆಗೆ ತಂದು ಬಿಟ್ಟಿತು, ಒಳಗೆ ನಡೆಸಿದ್ದು ಆ ಕಾಗದಕ್ಕೋಸ್ಕರ ಓದಿದ ಓದು. ಏನೂ ಓದದೆ ಉತ್ತರಗಳನ್ನಷ್ಟೇ ಬಾಯಿಪಾಠ ಮಾಡಿ ತಂದ ಸರ್ಟಿಫಿಕೇಟುಗಳನ್ನೂ ನೋಡಿದ್ದೇನೆ, ಅವು ಗೋಡೆಗೆ ಚೆನ್ನ.

ನಮ್ಮ ಗೋಡೆಯಲ್ಲೂ ಅದಿದೆ. ಮನೆಯವರು ಪ್ರಿಂಟು ಹಾಕಿಸಿ ಕಟ್ಟು ಹಾಕಿಸಿದರು. ಮೂರು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಪರೀಕ್ಷೆ ಬರೆಯಬೇಕು ಅಂದಾಗ ಅತ್ತೆ ದಂಗಾಗಿ, "ಮೂರೊರ್ಸಕ್ಕೇ ಮುಗ್ದೋದದಾ? ಇದೇನು ಸರ್ಟಿಪಿಕೇಟಾ, ಬಸ್ ಪಾಸಾ?" ಅಂದಿದ್ದರು.

ಆ ಮೂರು ವರ್ಷ ಈಗ ಮುಗಿಯುತ್ತಾ ಬಂದಿದೆ. ಮೊನ್ನೆ ಲ್ಯಾಪ್‌ಟಾಪ್ ಮುಂದೆ ಕೂತು ಪರೀಕ್ಷೆಗೆ ದಿನ ಹುಡುಕುತ್ತಿದ್ದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅತ್ತೆಗೆ, "ಈ ಸಲವೂ ಮನೆಯಲ್ಲೇ ಬರೀತೀನಿ ಅತ್ತೆ, ಬಾಗಿಲು ಕಾಯೋಕೆ ನೀವಿದ್ದೀರಲ್ಲ" ಅಂದೆ.

ಅವರು ತಲೆ ಎತ್ತದೆ ಇನ್ನೊಂದು ಕಾಯಿ ಬಿಡಿಸಿದರು.

"ಬ್ಯಾಡ ಕಣವ್ವ, ಮೈಸೂರಿಗೇ ಓಗಿ ಬರ್ದು ಬಾ. ನೀನು ಒಸ್ಲು ದಾಟಿದ್ರೆ ನಂಗೂ ಒಂದ್ ಕೆಲ್ಸ ಇರ್ತದೆ."

ಮೈಸೂರಿನ ಕೇಂದ್ರದಲ್ಲೇ ದಿನ ಗೊತ್ತು ಮಾಡಿದ್ದೇನೆ.