ಎಲೆಅಡಿಕೆ ಚೀಲದ ಮಾತ್ರೆಗಳು

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ನರ್ಸು. ಅಲ್ಲಿ ದಾಖಲಾದವರಿಗೆ ಮಾತ್ರೆ ಪುಕ್ಕಟೆ. ಮನೆಗೆ ಹೋದ ಮೇಲೆ ಅಂಗಡಿಯಲ್ಲಿ ಕೊಳ್ಳಬೇಕು. ಹರಿಯಬ್ಬೆ ಹಳ್ಳಿಯಿಂದ ಬಂದು ದಾಖಲಾಗಿದ್ದ ಈರಜ್ಜಿಗೆ ದಿನಾ ನಾನೇ ಕೈಯಾರೆ ಮಾತ್ರೆ ಕೊಟ್ಟರೂ ಬಿಪಿ ಮಾತ್ರ ಇಳಿಯುತ್ತಿರಲಿಲ್ಲ. ಡಾಕ್ಟರು ಡೋಸ್ ಏರಿಸುವ ಯೋಚನೆಯಲ್ಲಿದ್ದರು.

ಒಂದು ಬೆಳಿಗ್ಗೆ ಹಾಸಿಗೆ ಕೊಡವುವಾಗ ಅಜ್ಜಿಯ ಎಲೆಅಡಿಕೆ ಚೀಲ ಕೆಳಗೆ ಬಿತ್ತು. ಅಡಿಕೆ ಹೋಳುಗಳ ಜೊತೆ ನಾನು ಕೊಟ್ಟ ಮಾತ್ರೆಗಳೆಲ್ಲ ಉರುಳಿದವು.

"ನುಂಗಲೇ ಇಲ್ಲವೇ ಅಜ್ಜಿ?" ಗದರಲು ಹೋದೆ, ದನಿ ಕ್ಷಮೆ ಕೇಳಿದಂತಿತ್ತು.

"ಇಲ್ಲಿ ನೀನಿದೀಯ, ಡಾಕ್ಟ್ರು ಅವ್ರೆ. ಮನೇಲಿ ಏನೈತೆ? ಅದ್ಕೇ ಕೂಡಿಟ್ಕಂಡೆ," ಎಂದು ಅಜ್ಜಿ ಮಾತ್ರೆ ಆರಿಸಿ ಚೀಲಕ್ಕೆ ತುಂಬಿಕೊಂಡಳು. "ನೀನೂ ಕೊಟ್ಟು ಆ ಕಡೆ ಮಕ ತಿರುಗಿಸ್ಕಂತಿದ್ದೆ. ನಾನೇನು ಮದುವೆ ಗಂಡೇನೇ, ನೀನು ನಾಚ್ಕಳಾಕೆ?"

ಯಾರಾದರೂ ಬಾಯಿಗೆ ಹಾಕಿಕೊಳ್ಳುವಾಗ ದಿಟ್ಟಿಸಬಾರದೆಂದು ನಾನು ಓದಿದ ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು.

ಅಂದಿನಿಂದ ನಾಲಿಗೆ ಎತ್ತಿಸಿ ನೋಡತೊಡಗಿದೆ. ಬಿಪಿ ಇಳಿಯಿತು, ಡಾಕ್ಟರು ತಮ್ಮ ಔಷಧಿಯ ಬಗ್ಗೆ ಬೀಗಿದರು, ಅಜ್ಜಿಯನ್ನು ಮನೆಗೆ ಕಳಿಸಿದರು. ಹೊರಡುವಾಗ ಅವಳು ಉಬ್ಬಿದ ಚೀಲವನ್ನು ಸೊಂಟಕ್ಕೆ ಸಿಕ್ಕಿಸುತ್ತಾ ನನ್ನ ಮುಖ ನೋಡಿದಳು. ಕಾನ್ವೆಂಟಿನಲ್ಲಿ ಕಲಿಸಿದ್ದಂತೆ ನಾನು ಕಿಟಕಿಯತ್ತ ತಿರುಗಿಕೊಂಡೆ.